ಹಳೇ ಮುಖ, ಹೊಸ ಮುಖ: ಪಿ.ಬಿ. ರಸ್ತೆಯ ಕಾರು ಅಂಗಡಿಯಿಂದ

2018ರ ಆಗಸ್ಟ್‌ನಲ್ಲಿ ದಾವಣಗೆರೆಯ ನನ್ನ ಸೆಕೆಂಡ್ ಹ್ಯಾಂಡ್ ಕಾರು ಅಂಗಡಿ ಮುಂದೆ ಮಾರುತಿಯ ಮೂರು ಸಿಯಾಜ್ ಕಾರು ನಿಂತಿದ್ದವು. ಎರಡು ಪೆಟ್ರೋಲ್, ಒಂದು ಡೀಸೆಲ್. ಮೂರೂ ಸಿಂಗಲ್ ಓನರ್, ಮೂರೂ ನಮ್ಮ ಜಿಲ್ಲೆಯ ಕೆಎ 17 ನಂಬರ್. ಪೆಟ್ರೋಲ್ ಗಾಡಿಗಳಿಗೆ 5.70 ಮತ್ತು 5.60 ಲಕ್ಷ, ಡೀಸೆಲ್‌ಗೆ 6.10 ಲಕ್ಷ ಕೊಟ್ಟಿದ್ದೆ. ಅದರಲ್ಲಿ ಆರು ಲಕ್ಷ ಬಡ್ಡಿ ದುಡ್ಡು. ಗಣೇಶನ ಹಬ್ಬದೊಳಗೆ ಮೂರೂ ಹೋಗಿಬಿಡುತ್ತವೆ ಅಂತ ಲೆಕ್ಕ ಹಾಕಿ ಕೂತಿದ್ದೆ.

ಆ ತಿಂಗಳ 20ಕ್ಕೆ ಹೊಸ ಮುಖದ ಸಿಯಾಜ್ ಬಂತು.

ವ್ಯಾಪಾರದವರು ಇದಕ್ಕೆ ಫೇಸ್‌ಲಿಫ್ಟ್ ಅನ್ನುತ್ತಾರೆ. ನಾನು ಗಿರಾಕಿಗೆ ಹೇಳುವಾಗ ಹಳೇ ಮುಖ, ಹೊಸ ಮುಖ ಅಂತಲೇ ಹೇಳುವುದು. ಬೇಗ ತಲೆಗೆ ಹೋಗುತ್ತದೆ. ಒಂದು ಕಾರು ಮಾರುಕಟ್ಟೆಗೆ ಬಂದು ಮೂರು ನಾಲ್ಕು ವರ್ಷ ಆಗಿರುತ್ತದೆ. ಪೂರ್ತಿ ಹೊಸ ಗಾಡಿ ತರಲು ಇನ್ನೂ ಅಷ್ಟೇ ವರ್ಷ ಬೇಕು. ನಡುವೆ ಜನಕ್ಕೆ ಬೇಜಾರಾಗಬಾರದು ಅಂತ ಕಂಪನಿಯವರು ಅದೇ ಗಾಡಿಯ ಬಂಪರ್, ಗ್ರಿಲ್, ಲೈಟು ಬದಲಿಸುತ್ತಾರೆ. ಒಳಗೆ ನಾಲ್ಕು ಹೊಸ ಸೌಕರ್ಯ ಸೇರಿಸುತ್ತಾರೆ. ಕೆಲವು ಸಲ ಎಂಜಿನ್ನನ್ನೂ ಬದಲಿಸುತ್ತಾರೆ. ಸಿಯಾಜ್ ಮೊದಲು ಬಂದದ್ದು 2014ರ ಅಕ್ಟೋಬರ್‌ನಲ್ಲಿ. ನಾಲ್ಕು ವರ್ಷಕ್ಕೆ ಮುಖ ಬದಲಾಯಿತು. ಬರುತ್ತೆ ಅಂತ ನನಗೆ ಗೊತ್ತಿರಬೇಕಿತ್ತು. ಗೊತ್ತಿರಲಿಲ್ಲ. ತಪ್ಪು ನನ್ನದೇ.

ಆದರೆ ಪೆಟ್ಟು ಬಿದ್ದದ್ದು ಆಗಸ್ಟ್ 20ಕ್ಕೆ ಅಲ್ಲ. ಅದಕ್ಕೂ ಎರಡು ತಿಂಗಳು ಮೊದಲೇ ಬಿದ್ದಿತ್ತು, ನನಗೆ ಕಾಣಲಿಲ್ಲ ಅಷ್ಟೆ. ಹೊಸ ಮುಖ ಬರುವ ಮುಂಚೆ ಶೋರೂಮಿನವರು ಗೋಡೌನಿನಲ್ಲಿರುವ ಹಳೇ ಮುಖದ ಹೊಸ ಗಾಡಿಗಳನ್ನು ಖಾಲಿ ಮಾಡಬೇಕು. ಸುಮ್ನೆ ಹೋಗುತ್ತವಾ? ಡಿಸ್ಕೌಂಟ್, ಎಕ್ಸ್‌ಚೇಂಜ್ ಬೋನಸ್, ಫ್ರೀ ಇನ್ಶೂರೆನ್ಸ್ ಅಂತ ಒಂದೊಂದೇ ಬಿಡುತ್ತಾರೆ. ಜೀರೋ ಕಿಲೋಮೀಟರ್ ಗಾಡಿಯೇ ಅಷ್ಟು ಕಡಿಮೆಗೆ ಸಿಗುವಾಗ ಮೂರು ವರ್ಷ ಓಡಿದ ಗಾಡಿಗೆ ನಾನು ಹೇಳುವ ರೇಟನ್ನು ಯಾರು ಕೇಳುತ್ತಾರೆ? ಜೂನ್, ಜುಲೈನಲ್ಲಿ ಬಂದು ನೋಡಿದವರೆಲ್ಲ "ಹೇಳ್ತೀವಿ ಅಣ್ಣಾ" ಅಂತ ಹೋದವರು ಮತ್ತೆ ಬರಲಿಲ್ಲ. ಮಳೆಗಾಲ, ಬಿತ್ತನೆ ಹೊತ್ತು, ಜನರ ಕೈಯಲ್ಲಿ ದುಡ್ಡಿಲ್ಲ ಅಂದುಕೊಂಡೆ.

ಈಗ ನಾನು ಹೊಸ ಗಾಡಿಗಳ ಡಿಸ್ಕೌಂಟನ್ನು ಪ್ರತಿ ತಿಂಗಳು ವಿಚಾರಿಸುತ್ತೇನೆ. ಶೋರೂಮಿನಲ್ಲಿ ಗೊತ್ತಿರುವ ಹುಡುಗರಿದ್ದಾರೆ. ಒಂದು ಸೆಡಾನ್ (ಸಿಯಾಜ್ ತರಹ ಹಿಂದೆ ಡಿಕ್ಕಿ ಚಾಚಿದ ಕಾರು) ಬಂದು ಮೂರು ವರ್ಷ ದಾಟಿದೆ, ಇದ್ದಕ್ಕಿದ್ದಂತೆ ಡಿಸ್ಕೌಂಟ್ ಜಾಸ್ತಿ ಆಗಿದೆ ಅಂದರೆ ಆ ಮಾಡೆಲ್ ಕೊಳ್ಳುವುದನ್ನು ಅವತ್ತೇ ನಿಲ್ಲಿಸುತ್ತೇನೆ.

ಮೂರು ಗಾಡಿಗಳ ಕಥೆಗೆ ಬರೋಣ. ಹೊಸ ಮುಖ ಬಂದ ವಾರ ನಾನೇ ಹೋಗಿ ಅದನ್ನು ಕಣ್ತುಂಬ ನೋಡಿ ಬಂದೆ. ಜೊತೆಗೆ ನಮ್ಮ ಟಿಂಕರಿಂಗ್ ಮೇಸ್ತ್ರಿಯನ್ನೂ ಕರೆದುಕೊಂಡು ಹೋಗಿದ್ದೆ. ಅವರಿಗೆ ಅರವತ್ತರ ಹತ್ತಿರ. ಅಂಬಾಸಡರ್ ಕಾಲದಿಂದ ತಗಡು ಬಡಿದವರು. ಸೇಲ್ಸ್ ಹುಡುಗ ಗ್ರಿಲ್ ತೋರಿಸಿ, ಎಲ್‌ಇಡಿ ಲೈಟು ತೋರಿಸಿ, ಹಿಂದಿನ ಬಂಪರಿನ ಕ್ರೋಮ್ ತೋರಿಸಿ ಮಾತಾಡುತ್ತಿದ್ದ. ಮೇಸ್ತ್ರಿ ಅದ್ಯಾವುದನ್ನೂ ನೋಡಲಿಲ್ಲ. ಗಾಡಿಯ ಪಕ್ಕಕ್ಕೆ ಹೋಗಿ ನಿಂತು ಬಾಗಿಲ ಮೇಲೆ ಕೈಯಾಡಿಸಿದರು. "ಬಾಗ್ಲು ಅದೇ ಐತಿ ನೋಡಪ್ಪ. ಟಾಪು ಅದೇ. ಗ್ಲಾಸೂ ಅದೇ. ಮುಂದೆ ಹಿಂದೆ ಅಷ್ಟೇ ಮಾಡ್ಯಾರೆ" ಅಂದರು.

ವಾಪಸ್ ಬರುವಾಗ ಮಂಡಕ್ಕಿ ಮಿರ್ಚಿ ತಿನ್ನುತ್ತಾ ಅವರೇ ಬಿಡಿಸಿ ಹೇಳಿದರು. ಬಾಗಿಲು, ಟಾಪು, ಪಕ್ಕದ ತಗಡು ಎಲ್ಲ ಉಕ್ಕಿನ ಹಾಳೆ. ಅದನ್ನು ದೊಡ್ಡ ಪ್ರೆಸ್ಸಿನಲ್ಲಿ ಒತ್ತಬೇಕು. ಒಂದೇ ಬಾಗಿಲಿಗೆ ಆಕಾರ ಕೊಡಲು ಒಂದು ಡೈ, ಅಂದರೆ ಒತ್ತುವ ಅಚ್ಚು, ಅಂಚು ಕತ್ತರಿಸಲು ಇನ್ನೊಂದು, ಮಡಚಲು ಮತ್ತೊಂದು. ಆ ಡೈಗಳಿಗೆ ಕೋಟಿಗಟ್ಟಲೆ ಖರ್ಚು. ಮೇಲಾಗಿ ಬಾಗಿಲು, ಕಂಬ ಎಲ್ಲ ಗಾಡಿಯ ಗಟ್ಟಿತನಕ್ಕೆ ಸೇರಿದ್ದು. ಮುಟ್ಟಿದರೆ ಮತ್ತೆ ಗುದ್ದಿಸಿ ನೋಡುವ ಪರೀಕ್ಷೆ ಎಲ್ಲ ಮೊದಲಿಂದ. ಬಂಪರ್, ಗ್ರಿಲ್ ಹಾಗಲ್ಲ. ಪ್ಲಾಸ್ಟಿಕ್ಕನ್ನು ಅಚ್ಚಿಗೆ ಹಾಕಿ ತೆಗೆಯುವುದು. ಅಚ್ಚು ಬದಲಿಸುವುದು ಅದಕ್ಕಿಂತ ಅಗ್ಗ, ಬೇಗ. ಅದಕ್ಕೇ ಯಾವ ಕಂಪನಿಯ ಫೇಸ್‌ಲಿಫ್ಟ್ ನೋಡಿದರೂ ಮುಂದಿನಿಂದ ಬೇರೆ ಗಾಡಿ, ಪಕ್ಕದಿಂದ ಹಳೇ ಗಾಡಿ.

ಅವತ್ತು ನನಗೆ ಹೊಳೆದದ್ದು ಒಂದೇ. ಮುಖದ ಬದಲಾವಣೆಗೆ ಹೆದರಬೇಕಿಲ್ಲ, ಬಾನೆಟ್ ಒಳಗೆ ಏನು ಬದಲಾಗಿದೆ ನೋಡಬೇಕು. ಎಂಜಿನ್ ಅದೇ ಇದ್ದರೆ ಹಳೇ ಮುಖದ ಗಾಡಿಯನ್ನು ಧೈರ್ಯವಾಗಿ ಮಾರಬಹುದು. ಎಂಜಿನ್ನೇ ಬದಲಾಗಿದ್ದರೆ ರೇಟು ಇಳಿಸಲೇಬೇಕು.

ಸಿಯಾಜ್‌ನಲ್ಲಿ ಆ ಎರಡೂ ಒಟ್ಟಿಗೆ ಆಗಿತ್ತು. ಪೆಟ್ರೋಲ್‌ನಲ್ಲಿ ಹಳೇ 1.4 ಲೀಟರ್ ಎಂಜಿನ್ ಹೋಗಿ 1.5 ಲೀಟರ್ ಬಂದಿತ್ತು. ಎಂಜಿನ್ ಬಲ 92 ಪಿಎಸ್ ಇದ್ದದ್ದು 105 ಆಗಿತ್ತು. ಜೊತೆಗೆ ಲಿಥಿಯಂ ಬ್ಯಾಟರಿಯ ಸಣ್ಣ ಹೈಬ್ರಿಡ್ ವ್ಯವಸ್ಥೆ. ಕಂಪನಿ ಲೆಕ್ಕದ ಮೈಲೇಜ್ 21.56. ಎಂಜಿನ್ ದೊಡ್ಡದಾಗಿಯೂ ಮೈಲೇಜ್ ಹಳೆಯದಕ್ಕಿಂತ ಸ್ವಲ್ಪ ಜಾಸ್ತಿಯೇ! ಇದಕ್ಕೆ ನನ್ನ ಬಳಿ ಉತ್ತರವಿರಲಿಲ್ಲ. ಡೀಸೆಲ್‌ನಲ್ಲಿ ಮಾತ್ರ ಅದೇ 1.3 ಲೀಟರ್, ಅದೇ 90 ಪಿಎಸ್, ಅದೇ 200 ನ್ಯೂಟನ್ ಮೀಟರ್ ಎಳೆತ. ಬರೀ ಮುಖ ಬದಲು.

ಪೆಟ್ರೋಲ್ ಗಾಡಿಗಳನ್ನು ಇಟ್ಟುಕೊಂಡು ಕೂರಲಿಲ್ಲ. ಬಡ್ಡಿ ಓಡುತ್ತಿತ್ತು. ಒಂದನ್ನು 5.35ಕ್ಕೆ, ಇನ್ನೊಂದನ್ನು 5.10ಕ್ಕೆ ಕೊಟ್ಟು ಕೈ ತೊಳೆದುಕೊಂಡೆ. ಎರಡರಿಂದ 85 ಸಾವಿರ ಹೋಯಿತು. ಡೀಸೆಲ್‌ಗೆ ಚನ್ನಗಿರಿ ಕಡೆಯ ಅಡಿಕೆ ವ್ಯಾಪಾರಿಯೊಬ್ಬರು ಬಂದರು. ಬಂದವರೇ "ಇದು ಹಳೇದಲ್ರೀ, ಹೊಸಾದು ಬಂದೈತಲ್ಲ" ಅಂತ ಶುರು ಮಾಡಿದರು.

ಹೌದು ಸಾಹುಕಾರ್ರೇ, ಹಳೇದೇ ಅಂದೆ. ಹೊಸದರ ಕಾಗದವನ್ನೂ ಇದರ ಕಾಗದವನ್ನೂ ಎದುರಿಗಿಟ್ಟೆ. ಎಂಜಿನ್ ಸಾಲು ತೋರಿಸಿದೆ. ಅವರು ಇವತ್ತು ಶಿವಮೊಗ್ಗ, ನಾಳೆ ಬೆಂಗಳೂರು ಅಂತ ಓಡಾಡುವವರು. ತಿಂಗಳಿಗೆ ಮೂರು ಸಾವಿರ ಕಿಲೋಮೀಟರ್. ಗ್ರಿಲ್ಲಿನಿಂದ ಅವರಿಗೆ ಏನು ಆಗಬೇಕು? ಓಡಿಸಿ ನೋಡಿದರು, ಹಿಂದಿನ ಸೀಟಿನಲ್ಲಿ ಕಾಲು ಚಾಚಿ ಕೂತರು, ಡಿಕ್ಕಿ ತೆಗೆಸಿ ನೋಡಿದರು. 510 ಲೀಟರ್ ಡಿಕ್ಕಿ. "ಎರಡು ಚೀಲ ಆರಾಮಾಗಿ ಮಲಗ್ತಾವೆ" ಅಂದರು. 6.45ಕ್ಕೆ ಮುಗಿಯಿತು. ಮೂರೂ ಸೇರಿ ನನಗೆ ಅಸಲಿನಲ್ಲಿ 50 ಸಾವಿರ ಲುಕ್ಸಾನು, ಬಡ್ಡಿ ಬೇರೆ. ಅವತ್ತಿನ ಮಟ್ಟಿಗೆ ದೊಡ್ಡ ದುಡ್ಡೇ.

ಅಲ್ಲಿಂದ ಮುಂದೆ ಒಂದು ನೋಟ್‌ಬುಕ್ ಇಟ್ಟೆ. ಯಾವ ಸೆಡಾನಿಗೆ ಯಾವ ತಿಂಗಳು ಮುಖ ಬದಲಾಯಿತು, ಎಂಜಿನ್ ಎಷ್ಟು ಸಿಸಿ ಇದ್ದದ್ದು ಎಷ್ಟಾಯಿತು ಅಂತ ಬರೆಯುವುದು. ಸಿಸಿ ಅಂದರೆ ಎಂಜಿನ್ ಗಾತ್ರ, ಸಾವಿರ ಸಿಸಿಗೆ ಒಂದು ಲೀಟರ್. ಸಿಸಿಯೇ ಯಾಕೆ ಅಂದರೆ, ಆರ್‌ಸಿಯಲ್ಲಿ ಅದು ಬರೆದಿರುತ್ತದೆ. ಹೊಸ ಮುಖ ಅಂತ ಆರ್‌ಸಿಯಲ್ಲಿ ಎಲ್ಲೂ ಬರೆಯುವುದಿಲ್ಲ, ಆದರೆ ಸಿಸಿ ಬಾಯಿ ಬಿಡುತ್ತದೆ. ಪೆಟ್ರೋಲ್ ಸಿಯಾಜ್ 1373 ಸಿಸಿ ಇದ್ದರೆ ಹಳೇ ಮುಖ, 1462 ಇದ್ದರೆ ಹೊಸ ಮುಖ. ಎರಡು ಮಾತಿಲ್ಲ.

ಹುಂಡೈ ವರ್ನಾದಲ್ಲೂ ಹಾಗೇ. 2017ರಲ್ಲಿ ಬಂದ ವರ್ನಾಗೆ 2020ರ ಮೇ ತಿಂಗಳಲ್ಲಿ ಮುಖ ಬದಲಾಯಿತು. ಆ ವರ್ಷ ಏಪ್ರಿಲ್‌ನಿಂದ ಬಿಎಸ್ 6 ಅನ್ನುವ ಹೊಸ ಹೊಗೆ ನಿಯಮ ಬಂದಿತ್ತಲ್ಲ, ಎಂಜಿನ್‌ಗಳನ್ನೂ ಬದಲಿಸಲೇಬೇಕಿತ್ತು. ಅದಕ್ಕೇ ಎರಡನ್ನೂ ಒಟ್ಟಿಗೇ ಮುಗಿಸಿದರು. 1.4 ಮತ್ತು 1.6 ಲೀಟರ್‌ನವು ಹೋದವು. 1.5 ಪೆಟ್ರೋಲ್, 1.5 ಡೀಸೆಲ್, 1.0 ಟರ್ಬೊ ಪೆಟ್ರೋಲ್ ಬಂದವು. ಇಲ್ಲಿ ಒಂದು ತಮಾಷೆ ಇದೆ. ಹಳೇ ಮುಖದ 1.6 ಡೀಸೆಲ್ 128 ಪಿಎಸ್ ಕೊಡುತ್ತಿತ್ತು. ಹೊಸ ಮುಖದ 1.5 ಡೀಸೆಲ್ ಕೊಡುವುದು 115. ಮುಖ ಹೊಸದಾಯಿತು, ಬಲ ಕಡಿಮೆಯಾಯಿತು!

2021ರಲ್ಲಿ ಕಾಲೇಜು ಲೆಕ್ಚರರ್ ಒಬ್ಬರು ಬಂದರು. ಬಜೆಟ್ಟು ಒಂಬತ್ತು ಲಕ್ಷ. ಹೊಸ ಮುಖದ್ದೇ ಬೇಕು ಅಂತ ಹಟ. ನನ್ನ ಹತ್ತಿರ 2018ರ 1.6 ಡೀಸೆಲ್ ಇತ್ತು. ಬರೀ ಓಡಿಸಿ ನೋಡಿ ಸರ್ ಅಂದೆ. ಬಾತಿ ದಾಟಿ ಹೈವೇಯಲ್ಲಿ ಹರಿಹರದವರೆಗೆ ಹೋಗಿ ಬಂದರು. ಲಾರಿ ಓವರ್‌ಟೇಕ್ ಮಾಡುವಾಗ ಗೇರ್ ಇಳಿಸುವ ಕೆಲಸವೇ ಇಲ್ಲ ಅಂತ ನಗುತ್ತಾ ಇಳಿದರು. ಅದನ್ನೇ ತೆಗೆದುಕೊಂಡರು. ಉಳಿದ ದುಡ್ಡಿನಲ್ಲಿ ನಾಲ್ಕು ಹೊಸ ಟೈರು ಹಾಕಿಸಿದರು.

ಬಿಎಸ್ 4 ಗಾಡಿ ಇನ್ನು ಓಡಿಸುವಂತಿಲ್ಲವಂತೆ, ಡೀಸೆಲ್ ಹತ್ತೇ ವರ್ಷವಂತೆ ಅಂತ ಆಗ ಎಲ್ಲರೂ ಕೇಳುತ್ತಿದ್ದರು. ಅದು ದಿಲ್ಲಿ ಸುತ್ತಮುತ್ತಲಿನ ಕಥೆ. ನಮ್ಮಲ್ಲಿ ಹದಿನೈದು ವರ್ಷಕ್ಕೆ ಆರ್‌ಸಿ ರಿನ್ಯೂವಲ್ ಮಾಡಿಸಿಕೊಂಡು ಓಡಿಸಬಹುದು. ಟಿವಿಯಲ್ಲಿ ಅರ್ಧ ಸುದ್ದಿ ಕೇಳಿ ಒಳ್ಳೇ ಗಾಡಿಗಳನ್ನು ಅಗ್ಗಕ್ಕೆ ಮಾರಿಕೊಂಡವರು ಎಷ್ಟೋ ಜನ. ಅದರಲ್ಲಿ ಕೆಲವನ್ನು ನಾನೇ ಕೊಂಡೆ, ಸುಳ್ಳು ಯಾಕೆ ಹೇಳಲಿ.

ನೋಟ್‌ಬುಕ್ ಇದೆ, ಇನ್ನು ಯಾರೂ ನನ್ನನ್ನು ಯಾಮಾರಿಸಲಾರರು ಅಂತ ಬೀಗುತ್ತಿದ್ದೆ. 2022ರಲ್ಲಿ ಅದಕ್ಕೂ ಒಂದು ಪಾಠ ಆಯಿತು.

ಹೊರ ಜಿಲ್ಲೆಯ ಬ್ರೋಕರ್ ಒಬ್ಬ ವಾಟ್ಸಾಪಿನಲ್ಲಿ ಫೋಟೊ ಕಳಿಸಿದ. ಸಿಯಾಜ್ ಡೀಸೆಲ್, ಹೊಸ ಮುಖ, ಬಿಳಿ ಬಣ್ಣ. "2018 ಎಂಡ್ ಅಣ್ಣಾ, 6.75 ಹೇಳ್ತಿದಾರೆ, ಇನ್ನೂ ಇಬ್ಬರು ನೋಡಿದಾರೆ." ನಂಬರ್ ಪ್ಲೇಟಿನ ಮೇಲೆ ಸ್ಟಿಕರ್ ಅಂಟಿಸಿದ್ದ. ಈ ವ್ಯಾಪಾರದಲ್ಲಿ ಅದು ಮಾಮೂಲು, ಪಾರ್ಟಿ ಕೈ ತಪ್ಪಬಾರದು ಅಂತ. ನಾನು ಆರ್‌ಸಿ ಕೇಳಿದೆ. ಕಾರ್ಡಿನ ಫೋಟೊ ಅರ್ಧ ಕಳಿಸಿದ. ಸಿಸಿ ಕಾಣುತ್ತಿತ್ತು, 1248. ಸರಿ ಇದೆಯಲ್ಲ ಅಂತ 20 ಸಾವಿರ ಅಡ್ವಾನ್ಸ್ ಹಾಕಿಬಿಟ್ಟೆ.

ಎಲ್ಲಿ ಎಡವಿದೆ ಗೊತ್ತಾಯಿತಾ? ಡೀಸೆಲ್‌ನಲ್ಲಿ ಹಳೇ ಮುಖಕ್ಕೂ 1248, ಹೊಸ ಮುಖಕ್ಕೂ 1248. 2018ರಲ್ಲಿ ಅಡಿಕೆ ಸಾಹುಕಾರರಿಗೆ ಯಾವ ಮಾತು ಹೇಳಿ ಗಾಡಿ ಮಾರಿದ್ದೆನೋ ಅದನ್ನೇ ನಾನು ಮರೆತಿದ್ದೆ.

ಮಾರನೇ ದಿನ ಮೇಸ್ತ್ರಿಯನ್ನು ಕರೆದುಕೊಂಡು ಬಸ್ಸಿನಲ್ಲಿ ಹೋದೆ. ಗಾಡಿ ಎದುರಿಗೆ ನೋಡಿದರೆ ಫಳಫಳ ಹೊಳೆಯುತ್ತಿತ್ತು. ಬಾಗಿಲು ತೆಗೆದು ಕೂತೆ. ಕೀ ತಿರುಗಿಸಿದಾಗ ಮೀಟರ್ ನೋಡಿ ಏನೋ ಸರಿಯಿಲ್ಲ ಅನ್ನಿಸಿತು. ಹೊಸ ಮುಖದ ಮೇಲಿನ ಮಾಡೆಲ್‌ಗಳಲ್ಲಿ ಮೀಟರ್ ಮಧ್ಯೆ ಬಣ್ಣದ ಪರದೆ ಬರುತ್ತದೆ. ಇದರಲ್ಲಿ ಇರಲಿಲ್ಲ. ಬ್ರೋಕರ್ "ಅದು ಕೆಳಗಿನ ಮಾಡೆಲ್ ಅಣ್ಣಾ" ಅಂದ. ಕೆಳಗಿನ ಮಾಡೆಲ್‌ಗೆ ಎಲ್‌ಇಡಿ ಪ್ರೊಜೆಕ್ಟರ್ ಹೆಡ್‌ಲೈಟ್ ಎಲ್ಲಿಂದ ಬಂತಪ್ಪಾ?

ಅಷ್ಟರಲ್ಲಿ ಮೇಸ್ತ್ರಿ ಬಾನೆಟ್ ಎತ್ತಿ ಮೊಬೈಲ್ ಟಾರ್ಚ್ ಹಿಡಿದು ಬಗ್ಗಿದ್ದರು. ಅವರಿಂದ ಅವತ್ತು ಕಲಿತದ್ದು ನನಗೆ ಇವತ್ತಿಗೂ ಅನ್ನ ಕೊಡುತ್ತಿದೆ.

ಕಾರಿನ ಪ್ಲಾಸ್ಟಿಕ್ ಸಾಮಾನಿನ ಒಳಮೈಯಲ್ಲಿ ನಾಲ್ಕಾಣೆ ಅಗಲದ ಒಂದು ದುಂಡು ಗುರುತು ಇರುತ್ತದೆ. ನೋಡಲು ಪುಟ್ಟ ಗಡಿಯಾರ. ಸುತ್ತ 1ರಿಂದ 12ರವರೆಗೆ ಅಂಕಿ, ನಡುವೆ ಬಾಣ, ಬಾಣದ ಎರಡೂ ಕಡೆ ವರ್ಷದ ಎರಡು ಅಂಕಿ. ಆ ಸಾಮಾನು ಅಚ್ಚಿನಿಂದ ಹೊರಬಂದ ತಿಂಗಳು, ವರ್ಷ ಅದು. ಬಂಪರಿನ ಒಳಗೆ ಬೆರಳು ಹಾಕಿ ಮಣ್ಣು ಒರೆಸಿದರೆ ಕಾಣುತ್ತದೆ. ಆ ಗಾಡಿಯ ಮುಂದಿನ ಬಂಪರಿನಲ್ಲಿ 19 ಅಂತ ಇತ್ತು. 2018ರ ಗಾಡಿಗೆ 2019ರ ಬಂಪರ್! ಹಿಂದಿನ ಬಂಪರಿನಲ್ಲೂ 19. ಒಳಗಿನ ಗ್ಲವ್ ಬಾಕ್ಸ್ ತೆಗೆದು ನೋಡಿದರೆ 16. ಸೀಟ್ ಬೆಲ್ಟನ್ನು ಪೂರ್ತಿ ಎಳೆದರೆ ಬುಡದಲ್ಲಿ ಒಂದು ಚೀಟಿ ಹೊಲಿದಿರುತ್ತದೆ, ಅದರಲ್ಲೂ 2016. ಬಾಗಿಲ ಗಾಜಿನ ಮೂಲೆಯ ಗುರುತೂ ಅದನ್ನೇ ಹೇಳಿತು.

ಪೂರ್ತಿ ಆರ್‌ಸಿ ಕೊಡಪ್ಪಾ ಅಂದೆ. ಕೊಟ್ಟ. ತಯಾರಾದ ತಿಂಗಳು 2016ರ ಮಾರ್ಚ್.

ಅಂದರೆ ಹಳೇ ಗಾಡಿಗೆ ಹೊಸ ಮುಖ ಹಾಕಿಸಿದ್ದರು. ಶೋಕಿಗೆ ಹಾಕಿಸಿಕೊಳ್ಳುವವರೂ ಇದ್ದಾರೆ, ಅದು ತಪ್ಪೇನಲ್ಲ. ಬಣ್ಣ, ಎಂಜಿನ್, ಇಂಧನ ಬದಲಿಸಿದರೆ ಆರ್‌ಟಿಒಗೆ ತಿಳಿಸಿ ಆರ್‌ಸಿಯಲ್ಲಿ ಬರೆಸಬೇಕು. ಬಂಪರ್, ಗ್ರಿಲ್ ಆರ್‌ಸಿಯಲ್ಲಿ ಇರುವುದೇ ಇಲ್ಲ. ಆದರೆ ಲೈಟು, ಬಂಪರ್, ಗ್ರಿಲ್, ಮೇಲೆ ಕೂಲಿ ಅಂತ ಅಷ್ಟೊಂದು ಖರ್ಚನ್ನು ಶೋಕಿಗೆ ಮಾಡುವವರು ಕಡಿಮೆ. ಹೇಗೂ ಮುಂದಿನ ಭಾಗ ಒಡೆದಿದೆ, ಹೇಗೂ ಸಾಮಾನು ತರಿಸಬೇಕು, ಹೊಸದನ್ನೇ ಹಾಕಿಬಿಡೋಣ ಅಂತ ಮಾಡುವುದೇ ಜಾಸ್ತಿ. ಅದಕ್ಕೇ ಹೊಸ ಮುಖ ಹಾಕಿದ ಹಳೇ ಗಾಡಿ ಕಂಡರೆ ನನ್ನ ಮೊದಲ ಪ್ರಶ್ನೆ ಎಲ್ಲಿ ಗುದ್ದಿತ್ತು ಅಂತ.

ಮೇಸ್ತ್ರಿ ಬಾನೆಟ್ಟಿನ ಬೋಲ್ಟ್ ತೋರಿಸಿದರು. ಕಂಪನಿ ಬಣ್ಣ ಕಿತ್ತು ಸ್ಪ್ಯಾನರ್ ಗಾಯ ಆಗಿತ್ತು. ರೇಡಿಯೇಟರ್ ಹಿಡಿದಿರುವ ಅಡ್ಡ ಪಟ್ಟಿಯಲ್ಲಿ ಕಂಪನಿ ವೆಲ್ಡಿಂಗ್ ಸಾಲಾಗಿ ದುಂಡು ಚುಕ್ಕಿ ಇಟ್ಟ ಹಾಗೆ ಇರಬೇಕು. ಇಲ್ಲಿ ಬಲಗಡೆ ಕೈ ವೆಲ್ಡಿಂಗ್, ಮೇಲೆ ಕಪ್ಪು ಬಣ್ಣ ಬಳಿದಿದ್ದರು. ಆದರೆ ಎಂಜಿನ್ ಹೊತ್ತಿರುವ ಎರಡು ಉದ್ದ ಕಂಬಗಳು ನೆಟ್ಟಗೆ ಇದ್ದವು. ಅವರು ಟೇಪು ಹಿಡಿದು ಅಡ್ಡ, ಮೂಲೆಯಿಂದ ಮೂಲೆಗೆ ಅಳೆದರು. "ಕಾಲು ಬಗ್ಗಿಲ್ಲ. ಮುಂದಿಂದು ಮಾತ್ರ ಹೋಗೇತಿ. ಗಾಡಿ ಕೆಟ್ಟದ್ದಲ್ಲ, ಹೇಳಿದ್ದು ಕೆಟ್ಟದ್ದು" ಅಂದರು.

ಇನ್ಶೂರೆನ್ಸ್ ಪಾಲಿಸಿ ಕೇಳಿದೆ. ನೋ ಕ್ಲೇಮ್ ಬೋನಸ್, ಅಂದರೆ ಕ್ಲೇಮ್ ಮಾಡದಿದ್ದದ್ದಕ್ಕೆ ಸಿಗುವ ರಿಯಾಯಿತಿ, 20 ಪರ್ಸೆಂಟ್ ಅಂತ ಇತ್ತು. ಐದು ವರ್ಷ ಕ್ಲೇಮ್ ಇಲ್ಲದ ಗಾಡಿಗೆ ಅದು 50 ಇರುತ್ತದೆ. ಒಂದು ಸಲ ಕ್ಲೇಮ್ ಮಾಡಿದರೆ ಸೊನ್ನೆಗೆ ಬಿದ್ದು ಮತ್ತೆ 20ರಿಂದ ಹತ್ತಬೇಕು. ಒಂದು ಅಂಕಿಯಲ್ಲೇ ಇಡೀ ಕಥೆ ಇತ್ತು. ಅದನ್ನು ಫೋನಿನಲ್ಲೇ ಕೇಳಿದ್ದರೆ 20 ಸಾವಿರ ಕೈಯಲ್ಲೇ ಇರುತ್ತಿತ್ತು.

ಜಗಳ ಆಯಿತು. ಅಡ್ವಾನ್ಸ್ ವಾಪಸ್ ಕೊಡಲ್ಲ ಅಂದ. ಕೊನೆಗೆ ಗಾಡಿ ಓನರ್ ಬಂದರು. ಪಾಪ, ಅವರು ಬ್ರೋಕರಿಗೆ 2016 ಅಂತಲೇ ಹೇಳಿದ್ದರಂತೆ. ರಾತ್ರಿ ಹೊತ್ತು ಲೈಟಿಲ್ಲದ ಮೆಕ್ಕೆಜೋಳದ ಟ್ರ್ಯಾಕ್ಟರ್ ಟ್ರೇಲರಿಗೆ ಗುದ್ದಿದ್ದು ಅಂತ ಅವರೇ ಹೇಳಿದರು. ನಮ್ಮ ಕಡೆ ಸುಗ್ಗಿಯಲ್ಲಿ ಇದು ಎಷ್ಟು ಮಾಮೂಲು ಅಂತ ಹೇಳಬೇಕಾಗಿಲ್ಲ. ಅವರ ಜೊತೆ ನೇರ ಮಾತಾಡಿ 4.40ಕ್ಕೆ ತಂದೆ, ಅಡ್ವಾನ್ಸ್ ಅದರಲ್ಲೇ ಸೇರಿಸಿ.

ಅಂಗಡಿಗೆ ತಂದ ಮೇಲೆ ಗಾಜಿನ ಒಳಗೆ ಚೀಟಿ ಬರೆದು ಇಟ್ಟೆ: 2016ರ ಗಾಡಿ, 2018ರ ಮುಖ, ಮುಂದಿನ ಭಾಗ ರಿಪೇರಿ ಆಗಿದೆ. ಪಕ್ಕದ ಅಂಗಡಿಯವನು ನಕ್ಕ. "ನಿನ್ ಗಾಡೀನ ನೀನೇ ಬೈಕೊಂಡು ಮಾರ್ತೀಯಾ?" ಎರಡು ವಾರ ಯಾರೂ ತಿರುಗಿ ನೋಡಲಿಲ್ಲ, ನಿಜ. ಆಮೇಲೆ ಹರಿಹರದ ಮೇಷ್ಟ್ರೊಬ್ಬರು ಚೀಟಿ ಓದಿಯೇ ಒಳಗೆ ಬಂದರು. ಬಂಪರಿನ ಗಡಿಯಾರವನ್ನು ಅವರಿಗೂ ತೋರಿಸಿದೆ. ಮಗು ಹಾಗೆ ಖುಷಿಪಟ್ಟರು, ತಮ್ಮ ಸ್ಕೂಟರಿನಲ್ಲೂ ಹುಡುಕಿದರು. 4.95ಕ್ಕೆ ಹೋಯಿತು.

2023ರ ಮಾರ್ಚ್‌ನಲ್ಲಿ ಹೋಂಡಾ ಸಿಟಿಯ ಮುಖ ಬದಲಾಯಿತು. 2020ರ ಜುಲೈನಲ್ಲಿ ಬಂದ ಗಾಡಿ, ಮೂರು ವರ್ಷವೂ ತುಂಬಿರಲಿಲ್ಲ. ಈ ಸಲ ನಾನು ಮೊದಲೇ ತಯಾರಿದ್ದೆ. ಹೊರಗಿನ ಬದಲಾವಣೆ ತೀರಾ ಕಡಿಮೆ. ಗ್ರಿಲ್ ಮೇಲಿನ ದಪ್ಪ ಕ್ರೋಮ್ ಪಟ್ಟಿ ಸಣ್ಣದಾಯಿತು, ಬಂಪರ್ ಬದಲಾಯಿತು. ದೂರದಿಂದ ನೋಡಿದರೆ ಎಷ್ಟೋ ಜನಕ್ಕೆ ಗೊತ್ತೇ ಆಗುವುದಿಲ್ಲ. ಪೆಟ್ರೋಲ್ ಎಂಜಿನ್ ಅದೇ 1498 ಸಿಸಿ, ಅದೇ 121 ಪಿಎಸ್. ಆದರೆ ಎರಡು ದೊಡ್ಡ ವಿಷಯ ಇತ್ತು.

ಒಂದು, ಡೀಸೆಲ್ ನಿಂತಿತು. ಆ ವರ್ಷ ಏಪ್ರಿಲ್ 1ರಿಂದ ಹೊಗೆ ನಿಯಮ ಇನ್ನೂ ಬಿಗಿಯಾಯಿತು. ಲ್ಯಾಬಿನಲ್ಲಿ ಪಾಸಾದರೆ ಸಾಲದು, ರಸ್ತೆಯಲ್ಲಿ ಓಡುವಾಗಲೂ ಅಳೆಯಬೇಕು. ಡೀಸೆಲ್ ಎಂಜಿನ್ನಿಗೆ ಅದು ದುಬಾರಿ ಕೆಲಸ. ಮೊದಲ ಸಲ ನನ್ನ ನೋಟ್‌ಬುಕ್ಕಿನಲ್ಲಿ ಉಲ್ಟಾ ಬರೆದೆ: ಹಳೇ ಮುಖದ ಡೀಸೆಲ್ ಸಿಕ್ಕರೆ ಬಿಡಬೇಡ. ಹಾಗೇ ಆಯಿತು. ಹೊಸದಾಗಿ ಡೀಸೆಲ್ ಸೆಡಾನ್ ಬೇಕು ಅಂದರೆ ಈ ವರ್ಗದಲ್ಲಿ ಸಿಗುವುದೇ ಇಲ್ಲ. ಅದೇ ತಿಂಗಳು ಬಂದ ಪೂರ್ತಿ ಹೊಸ ವರ್ನಾದಲ್ಲೂ ಡೀಸೆಲ್ ಇರಲಿಲ್ಲ. ಜಗಳೂರು, ಚನ್ನಗಿರಿ, ಹೊನ್ನಾಳಿ ಕಡೆಯಿಂದ ಓಡಾಟ ಜಾಸ್ತಿ ಇರುವವರು ಫೋನು ಮಾಡಿ ಕೇಳುತ್ತಾರೆ.

ಎಲ್ಲರಿಗೂ ಕೊಡುವುದಿಲ್ಲ. ಊರೊಳಗೆ ಎಂಸಿಸಿ ಬ್ಲಾಕಿನ ಮನೆಯಿಂದ ಆಸ್ಪತ್ರೆಗೆ, ಆಸ್ಪತ್ರೆಯಿಂದ ಮನೆಗೆ ಓಡಿಸುವ ಡಾಕ್ಟರೊಬ್ಬರು ಬೇರೆ ಕಡೆ ಬಿಎಸ್ 6 ಡೀಸೆಲ್ ಸೆಡಾನ್ ಕೊಂಡಿದ್ದರು. ದಿನಕ್ಕೆ ನಾಲ್ಕೈದು ಕಿಲೋಮೀಟರ್. ಸೈಲೆನ್ಸರ್ ಸಾಲಿನಲ್ಲಿ ಮಸಿ ಹಿಡಿಯುವ ಫಿಲ್ಟರ್ ಇರುತ್ತದೆ. ಆ ಮಸಿ ಸುಟ್ಟುಹೋಗಬೇಕಾದರೆ ಗಾಡಿ ಬಿಸಿಯಾಗಿ ಒಂದೇ ಸಮ ಓಡಬೇಕು. ಊರೊಳಗಿನ ಓಡಾಟದಲ್ಲಿ ಅದು ಆಗುವುದಿಲ್ಲ, ಫಿಲ್ಟರ್ ಕಟ್ಟಿಕೊಳ್ಳುತ್ತದೆ, ಮೀಟರಿನಲ್ಲಿ ಹಳದಿ ಲೈಟು. ಅವರು ಗಾಬರಿಯಾಗಿ ನನ್ನ ಹತ್ತಿರ ತಂದರು. ವಾರಕ್ಕೊಮ್ಮೆ ಚಿತ್ರದುರ್ಗಕ್ಕೆ ಹೋಗಿ ಬನ್ನಿ ಡಾಕ್ಟ್ರೇ, 60 ಕಿಲೋಮೀಟರ್, ಹೈವೇ ಚೆನ್ನಾಗಿದೆ ಅಂದೆ. ಅವರು ಹೆಂಡತಿ ಮಕ್ಕಳನ್ನು ಕರೆದುಕೊಂಡು ಎರಡು ಭಾನುವಾರ ಕೋಟೆ ನೋಡಿ ಬಂದರು. ಲೈಟು ಹೋಯಿತು. ಮೂರನೇ ಭಾನುವಾರ ಮಕ್ಕಳು ಮತ್ತೆ ಕೋಟೆಯಾ ಅಂದರಂತೆ. ಆಮೇಲೆ ಅವರು ಪೆಟ್ರೋಲ್‌ಗೆ ಬದಲಿಸಿದರು.

ಎರಡನೆಯದು, ಪೆಟ್ರೋಲ್ ಸಿಟಿಗೂ ಅಡಾಸ್ ಬಂತು, ಅಂದರೆ ಓಡಿಸುವವರಿಗೆ ನೆರವಾಗುವ ವ್ಯವಸ್ಥೆ. ಮುಂದಿನ ಗಾಜಿನ ಮೇಲ್ಭಾಗದಲ್ಲಿ ಒಂದು ಕ್ಯಾಮೆರಾ. ಅದು ಮುಂದಿನ ಗಾಡಿ ನೋಡಿ ವೇಗ ಇಳಿಸುತ್ತದೆ, ಗುದ್ದುವ ಹಾಗಿದ್ದರೆ ಬ್ರೇಕ್ ಹಾಕುತ್ತದೆ, ಬಿಳಿ ಗೆರೆ ಬಿಟ್ಟು ಜಾರಿದರೆ ಸ್ಟೇರಿಂಗ್ ಮೆಲ್ಲಗೆ ಎಳೆಯುತ್ತದೆ. ಹೆಬ್ಬಾಳು ಟೋಲ್ ಕಡೆಯ ಆರು ಲೇನಿನಲ್ಲಿ ಇದು ಚಂದ. ಹಳ್ಳಿ ರಸ್ತೆಗೆ ಇಳಿದ ಮೇಲೆ ಗೆರೆಯೇ ಇಲ್ಲ, ಪಾಪ ಅದೇನು ಮಾಡೀತು. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಇಲ್ಲಿ ನೋಡಬೇಕಾದದ್ದು ಬೇರೆ. ಹೈವೇಯಲ್ಲಿ ಲಾರಿ ಚಕ್ರದಿಂದ ಕಲ್ಲು ಸಿಡಿದು ಮುಂದಿನ ಗಾಜು ಒಡೆದಿರಬಹುದು. ಗಾಜು ಬದಲಿಸಿದರೆ ಆ ಕ್ಯಾಮೆರಾವನ್ನು ಮತ್ತೆ ಗುರಿ ಹೊಂದಿಸಬೇಕು. ಅಗ್ಗದಲ್ಲಿ ಹೊರಗೆ ಗಾಜು ಹಾಕಿಸಿ ಅದನ್ನು ಬಿಟ್ಟಿದ್ದರೆ ಕ್ಯಾಮೆರಾ ನೋಡುವುದೇ ತಪ್ಪಾಗುತ್ತದೆ. ಅದಕ್ಕೇ ಅಡಾಸ್ ಗಾಡಿ ಬಂದರೆ ನಾನು ಬಂಪರಿಗಿಂತ ಮೊದಲು ಮುಂದಿನ ಗಾಜಿನ ಮೂಲೆ ನೋಡುತ್ತೇನೆ. ಬಾಗಿಲ ಗಾಜಿನ ವರ್ಷ, ಮುಂದಿನ ಗಾಜಿನ ವರ್ಷ ಒಂದೇ ಇದ್ದರೆ ನೆಮ್ಮದಿ.

ಈ ಸೆಡಾನ್‌ಗಳ ಎಂಜಿನ್ ಎಲ್ಲ 1500 ಸಿಸಿ ಒಳಗೇ ಯಾಕೆ ನಿಲ್ಲುತ್ತವೆ ಅಂತ ಮೇಷ್ಟ್ರು ಒಮ್ಮೆ ಕೇಳಿದ್ದರು. ತೆರಿಗೆ. ನಾಲ್ಕು ಮೀಟರಿಗಿಂತ ಉದ್ದದ ಗಾಡಿಗೂ 1500 ಸಿಸಿ ದಾಟಿದರೆ ಜಿಎಸ್‌ಟಿ ಮೇಲಿನ ಸೆಸ್ (ಹೆಚ್ಚುವರಿ ತೆರಿಗೆ) ಇನ್ನೂ ಜಾಸ್ತಿ ಇತ್ತು. 2025ರ ಸೆಪ್ಟೆಂಬರ್ 22ರಿಂದ ಸೆಸ್ ಹೋಗಿ ಈ ಗಾಡಿಗಳಿಗೆ ಜಿಎಸ್‌ಟಿ ಒಂದೇ 40 ಪರ್ಸೆಂಟ್ ಆಯಿತು, ಮೊದಲು ಎಲ್ಲ ಸೇರಿ 45 ಇತ್ತು. ಸಣ್ಣ ಕಾರುಗಳಿಗೆ 18ಕ್ಕೇ ಇಳಿಯಿತು. ಆ ವಾರ ನನ್ನ ಅಂಗಡಿಯಲ್ಲಿ ನೊಣ ಹೊಡೆಯುತ್ತಾ ಕೂತಿದ್ದೆ. 2018ರ ಜುಲೈ ನೆನಪಾಯಿತು. ಈ ಸಲ ಬಡ್ಡಿ ದುಡ್ಡು ಇರಲಿಲ್ಲ, ಅಷ್ಟೇ ವ್ಯತ್ಯಾಸ.

ಸಿಯಾಜ್ 2025ರಲ್ಲೇ ನಿಂತುಹೋಯಿತು. 2018ರ ಮುಖದಲ್ಲೇ ಕೊನೆಯವರೆಗೂ ಓಡಿತು, ಮತ್ತೆ ಬದಲಾಗಲಿಲ್ಲ. ಜನ ಎತ್ತರದ ಗಾಡಿ ಕಡೆ ಹೊರಳಿದರು. ನಮ್ಮ ರಸ್ತೆಯ ಹಂಪು ನೋಡಿದರೆ ಅವರನ್ನು ಬೈಯುವ ಹಾಗೂ ಇಲ್ಲ. ನಾನು ಓಡಿಸುವುದು ಮಾತ್ರ 2019ರ 1.5 ಡೀಸೆಲ್ ಸಿಯಾಜ್, ಕೆಎ 16, ಚಿತ್ರದುರ್ಗದವರಿಂದ ಕೊಂಡದ್ದು. ಆರು ಗೇರು, 225 ನ್ಯೂಟನ್ ಮೀಟರ್. ಹೊಸ ಮುಖ ಬಂದು ಏಳು ತಿಂಗಳಾದ ಮೇಲೆ ಆ ಎಂಜಿನ್ ಬಂತು, ಬಿಎಸ್ 6 ಬರುವ ಹೊತ್ತಿಗೆ ಹೋಯಿತು. ಒಂದೇ ವರ್ಷದ ಬಾಳು. ಆರ್‌ಸಿಯಲ್ಲಿ 1498 ಸಿಸಿ ಡೀಸೆಲ್ ಅಂತ ಇರುವ ಸಿಯಾಜ್ ಕಂಡರೆ ನನಗೊಂದು ಫೋನ್ ಮಾಡಿ.

ಕಳೆದ ತಿಂಗಳು ಹರಿಹರದ ಮೇಷ್ಟ್ರು ಬಂದಿದ್ದರು. ರಿಟೈರ್ ಆಗಿದ್ದಾರೆ. ಮಗ ಬೆಂಗಳೂರಿನಿಂದ ಬೇರೆ ಗಾಡಿ ಕಳಿಸುತ್ತಿದ್ದಾನಂತೆ. ಅದೇ ಬಿಳಿ ಸಿಯಾಜನ್ನು ನನ್ನ ಅಂಗಡಿ ಮುಂದೆ ನಿಲ್ಲಿಸಿ ಕೀ ಕೊಟ್ಟರು. ಡ್ಯಾಶ್‌ಬೋರ್ಡಿನೊಳಗಿಂದ ಒಂದು ಮಡಚಿದ ಕಾಗದ ತೆಗೆದರು. ನಾನು 2022ರಲ್ಲಿ ಬರೆದಿದ್ದ ಚೀಟಿ. ಮಡಿಕೆ ಹರಿದು ಹಿಂದೆ ಸೆಲ್ಲೋ ಟೇಪ್ ಅಂಟಿಸಿದ್ದರು.

"ಇದನ್ನೇ ಹಾಕ್ರಿ ಮತ್ತೆ. ಅಕ್ಷರ ಇನ್ನೂ ಚೆನ್ನಾಗೈತಿ" ಅಂದರು.

ಹಾಕಿದ್ದೇನೆ. ಗಾಡಿ ಇನ್ನೂ ಅಲ್ಲೇ ಇದೆ, ರೇಟು 3.90.